ಇಂಟರ್‌ವ್ಯೂ ಮಾಡುವವರು ನಮ್ಮ ಕಡೆಯವರಂತೆ, ವಿಚಾರಿಸಬಹುದಾ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪಯ್ಯನ ಕೆಲಸದ ಕಾರಣ ನಾನು ಎಂಟನೇ ಕ್ಲಾಸಿನಿಂದ ಅಮೆರಿಕದಲ್ಲೇ ಓದಿದೆ. ಈಗ ಅಪ್ಪಯ್ಯ, ಆಯಿ ಊರಿಗೆ ವಾಪಸ್ ಬಂದು ತೋಟ ನೋಡಿಕೊಳ್ಳುತ್ತಿದ್ದಾರೆ. ನಾನು ಅಲ್ಲಿ ಡಿಗ್ರಿ ಮುಗಿಸಿ, ಈ ವರ್ಷ ಮೆಡಿಕಲ್ ಸ್ಕೂಲ್‌ಗಳಿಗೆ ಅರ್ಜಿ ಹಾಕಿ, ಸದ್ಯ ಮನೆಯಲ್ಲಿದ್ದೇನೆ. ಡಿಸೆಂಬರ್‌ನಲ್ಲಿ ಒಂದು ಕಡೆ ವಿಡಿಯೊ ಇಂಟರ್‌ವ್ಯೂ ಇದೆ. ಇಬ್ಬರ ಹೆಸರು ಕಳಿಸಿದ್ದಾರೆ. ಒಬ್ಬರು ಪ್ರೊಫೆಸರ್, ಇನ್ನೊಬ್ಬರು ಅಲ್ಲೇ ಓದುತ್ತಿರುವ ನಾಲ್ಕನೇ ವರ್ಷದ ವಿದ್ಯಾರ್ಥಿನಿ. ಪ್ರೊಫೆಸರ್ ಅಡ್ಡಹೆಸರು ನೋಡಿದರೆ ನಮ್ಮ ಕರಾವಳಿಯವರೇ ಅನಿಸುತ್ತದೆ. 'ಯಾರ ಪೈಕಿ ಅಂತ ವಿಚಾರಿಸೋಣ, ಕುಮಟೆಯಲ್ಲಿ ಯಾರಿಗಾದರೂ ಗೊತ್ತಿರ್ತದೆ' ಅಂತ ಅಪ್ಪಯ್ಯ ಹೇಳುತ್ತಾರೆ. ನನ್ನ ಗೆಳತಿ 'ಹೆಸರು ಗೂಗಲ್ ಮಾಡೋದೇ ತಪ್ಪು' ಅನ್ನುತ್ತಾಳೆ. ಎಷ್ಟು ಹುಡುಕಬಹುದು? ಹುಡುಕಿದ್ದನ್ನು ಅವರ ಎದುರು ಹೇಳಬಹುದಾ?

ಉತ್ತರ: ಹೆಸರು ಹುಡುಕುವುದು ತಪ್ಪಲ್ಲ. ಅವರೇ ಮುಂಚಿತವಾಗಿ ಹೆಸರು ಕಳಿಸಿದ್ದಾರೆ. ನೀವು ನೋಡುತ್ತೀರಿ ಅಂತ ಅವರಿಗೂ ಗೊತ್ತು. ಆದರೆ ಅಪ್ಪಯ್ಯ ಹೇಳಿದ ದಾರಿ ಬೇಡ. ಕುಮಟೆಗೆ ಒಂದು ಫೋನೂ ಹೋಗಬಾರದು. ಅದರಲ್ಲಿ ಅವರ ಪ್ರೀತಿ ಇದೆ, ನನಗೆ ಗೊತ್ತು. ಆದರೆ ಅದರಿಂದ ನಿಮಗೆ ಆಗುವುದು ನಷ್ಟವೇ.

ನಾನೂ ಕುಮಟಾ ಕಡೆಯವನೇ. ಅಮೆರಿಕದ ಒಂದು ಮೆಡಿಕಲ್ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ಹನ್ನೊಂದು ವರ್ಷ ಅಡ್ಮಿಶನ್ ಕಮಿಟಿಯಲ್ಲಿದ್ದೆ. ಮೇಜಿನ ಆ ಬದಿ ಕೂತು ಕಂಡಿದ್ದನ್ನು ಹೇಳುತ್ತೇನೆ.

ಊರಿನ ಬೇರೆ ಓದುಗರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮಲ್ಲಿ ಎಂಬಿಬಿಎಸ್‌ಗೆ ಇಂಟರ್‌ವ್ಯೂ ಅನ್ನುವುದು ಹೆಚ್ಚುಕಡಿಮೆ ಇಲ್ಲ. ಕಾರವಾರದ ಕ್ರಿಮ್ಸ್ ಆಗಲಿ, ಬೇರೆ ಯಾವ ಸರ್ಕಾರಿ ಕಾಲೇಜೇ ಆಗಲಿ, ನೀಟ್ ರ್‍ಯಾಂಕ್ ಮತ್ತು ಕೌನ್ಸೆಲಿಂಗ್ ಮೇಲೆ ಸೀಟು ಸಿಗುತ್ತದೆ. ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಂಥ ಒಂದೆರಡು ಕಡೆ ಮಾತ್ರ ನೀಟ್ ಆದಮೇಲೂ ಕರೆದು ಮಾತಾಡಿಸುವ ಪದ್ಧತಿ ಇದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಎಂಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಯ ಗರಿಷ್ಠ ಅಂಕ 528. ಅಷ್ಟೂ ತೆಗೆದರೂ ಇಂಟರ್‌ವ್ಯೂ ಆಗದೆ ಸೀಟು ಕೊಡುವುದಿಲ್ಲ. ಅಂಕ ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ, ಒಳಗೆ ನೀವೇ ಹೋಗಬೇಕು. ಹಾಗಾಗಿ ಆ ಮೂವತ್ತು ನಲವತ್ತು ನಿಮಿಷದ ಬಗ್ಗೆ ನಿಮಗೆ ಇಷ್ಟು ಚಿಂತೆ ಆಗಿದ್ದು ಸಹಜ.

ಈಗ ನಿಮ್ಮ ವಿಷಯ. ಹುಡುಕುವ ಮುಂಚೆ ಒಂದು ತಿಳಿದುಕೊಳ್ಳಿ: ಅವರು ನಿಮ್ಮ ಬಗ್ಗೆ ಏನು ಓದಿರುತ್ತಾರೆ? ಕೆಲವು ಸ್ಕೂಲ್‌ಗಳಲ್ಲಿ ಇಂಟರ್‌ವ್ಯೂ ಮಾಡುವವರ ಕೈಯಲ್ಲಿ ನಿಮ್ಮ ಪೂರ್ತಿ ಅರ್ಜಿ ಇರುತ್ತದೆ. ಅದಕ್ಕೆ ಓಪನ್ ಫೈಲ್ ಅನ್ನುತ್ತಾರೆ. ಕೆಲವು ಕಡೆ ಹೆಸರು ಬಿಟ್ಟು ಏನೂ ಕೊಡುವುದಿಲ್ಲ, ಅದು ಕ್ಲೋಸ್ಡ್ ಫೈಲ್. ಇನ್ನು ಕೆಲವರು ಅಂಕ ಮುಚ್ಚಿಟ್ಟು ಪ್ರಬಂಧ ಮಾತ್ರ ತೋರಿಸುತ್ತಾರೆ. ಇದು ನಿಮಗೆ ಬಂದ ಮೇಲ್‌ನಲ್ಲೇ ಇರಬಹುದು. ಇಲ್ಲದಿದ್ದರೆ ಅಡ್ಮಿಶನ್ ಆಫೀಸಿಗೆ ಮೇಲ್ ಹಾಕಿ ಕೇಳಿ, ಸಂಕೋಚ ಬೇಡ. ಪ್ರೊಫೆಸರ್ ಯಾವೂರವರು ಅನ್ನುವುದಕ್ಕಿಂತ ಇದು ಹತ್ತು ಪಟ್ಟು ಉಪಯೋಗದ ಮಾಹಿತಿ. ಓಪನ್ ಫೈಲ್ ಆದರೆ ನಿಮ್ಮ 5,300 ಅಕ್ಷರದ ಪ್ರಬಂಧವನ್ನೂ, ಅರ್ಜಿಯಲ್ಲಿ ತುಂಬಿದ ಹದಿನೈದು ಚಟುವಟಿಕೆಗಳನ್ನೂ ಅವರು ಗುರುತು ಹಾಕಿಕೊಂಡು ಬಂದಿರುತ್ತಾರೆ. ಮೂರು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಲ್ಯಾಬ್‌ನಲ್ಲಿ ಏನು ಮಾಡಿದಿರಿ ಅಂತ ಕೇಳಿದರೆ ತಡವರಿಸಬಾರದು. ಎಷ್ಟೋ ಮಕ್ಕಳು ನನ್ನ ಬಗ್ಗೆ ಎಲ್ಲ ಓದಿಕೊಂಡು ಬಂದು, ಸ್ವಂತ ಅರ್ಜಿಯಲ್ಲಿ ಬರೆದಿದ್ದನ್ನೇ ಮರೆತಿದ್ದರು. ನೋಡಿ ನನಗೇ ಬೇಜಾರಾಗುತ್ತಿತ್ತು.

ಇನ್ನೊಂದು ತರಹದ ಇಂಟರ್‌ವ್ಯೂ ಇದೆ, ಎಂಎಂಐ ಅಂತ. ಕೆನಡಾದ ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿಯಲ್ಲಿ ಶುರುವಾಗಿದ್ದು. ಬ್ರಿಟನ್‌ನಲ್ಲಂತೂ ಈಗ ಬಹಳ ಕಡೆ ಇದೇ. ಒಬ್ಬೊಬ್ಬರ ಎದುರು ಏಳೆಂಟು ನಿಮಿಷ ಕೂತು, ಗಂಟೆ ಹೊಡೆದ ತಕ್ಷಣ ಮುಂದಿನವರ ಹತ್ತಿರ ಹೋಗಬೇಕು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಅಂಕದ ಹಾಳೆ. ಅಲ್ಲಿ ಯಾರು ಕೂತಿರುತ್ತಾರೆ ಅಂತ ಹುಡುಕುವುದು ಸುಮ್ನೆ ಸಮಯ ಹಾಳು. ನಿಮ್ಮದು ಆ ತರಹದ್ದಲ್ಲ, ಹೆಸರು ಕೊಟ್ಟಿದ್ದಾರೆ. ಹಾಗಾಗಿ ಹುಡುಕಿ. ಆದರೆ ಇಪ್ಪತ್ತು ನಿಮಿಷ ಸಾಕು. ಗಡಿಯಾರ ನೋಡಿಕೊಂಡೇ ಕೂತುಕೊಳ್ಳಿ.

ಮೊದಲು ಸ್ಕೂಲಿನ ಸ್ವಂತ ವೆಬ್‌ಸೈಟಿನಲ್ಲಿ ಪ್ರೊಫೆಸರ್ ಪುಟ ತೆಗೆಯಿರಿ. ಅಲ್ಲಿ ಮೂರು ವಿಷಯ ನೋಡಿ. ಒಂದು, ಅವರು ರೋಗಿಗಳನ್ನು ನೋಡುವ ಡಾಕ್ಟರಾ, ಅಥವಾ ಪಿಎಚ್‌ಡಿ ಮಾಡಿ ಅನಾಟಮಿಯನ್ನೋ ಬಯೋಕೆಮಿಸ್ಟ್ರಿಯನ್ನೋ ಕಲಿಸುವವರಾ. ಪಿಎಚ್‌ಡಿ ಮಾಡಿದವರಿಗೆ 'ದಿನಕ್ಕೆ ಎಷ್ಟು ಪೇಷಂಟ್ ನೋಡ್ತೀರಿ' ಅಂತ ಕೇಳಿದವರನ್ನು ನಾನೇ ನೋಡಿದ್ದೇನೆ. ಎರಡು, ಅವರು ಯಾವ ವಿಭಾಗದವರು. ಮಕ್ಕಳ ವಿಭಾಗದವರು ಕೇಳುವ ಪ್ರಶ್ನೆಯ ಧಾಟಿ ಬೇರೆ, ತುರ್ತು ಚಿಕಿತ್ಸೆಯವರ ಧಾಟಿ ಬೇರೆ. ಮೂರು, ಫೋಟೊ. ಪರದೆಯ ಮೇಲೆ ಗುರುತಿಲ್ಲದ ಮುಖ ದಿಢೀರಂತ ಬಂದರೆ ಎದೆ ಧಸಕ್ಕೆನ್ನುತ್ತದೆ ಅಲ್ವಾ? ಒಮ್ಮೆ ನೋಡಿದ ಮುಖವಾದರೆ ಅಷ್ಟು ಹೆದರಿಕೆ ಇರುವುದಿಲ್ಲ. ನನ್ನ ಪ್ರಕಾರ ಈ ಹುಡುಕಾಟದ ದೊಡ್ಡ ಲಾಭವೇ ಇದು. ಹೆಸರು ಹೇಗೆ ಉಚ್ಚರಿಸಬೇಕು ಅಂತಲೂ ಅಲ್ಲೇ ನೋಡಿ, ಕೆಲವು ಪುಟಗಳಲ್ಲಿ ಅದರ ಆಡಿಯೊ ಇರುತ್ತದೆ. ಕರೆಯುವಾಗ ಡಾಕ್ಟರ್ ಅಂದು ಅಡ್ಡಹೆಸರು ಸೇರಿಸಿ ಕರೆಯಿರಿ. ಅವರೇ 'ಮೊದಲ ಹೆಸರಿನಿಂದ ಕರಿ' ಅನ್ನುವವರೆಗೆ ಅದನ್ನೇ ಮುಂದುವರಿಸಿ.

ಆಮೇಲೆ ಪಬ್‌ಮೆಡ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1996ರಿಂದ ನಡೆಸುತ್ತಿರುವ ತಾಣ ಅದು, ಉಚಿತ. ಲೇಖಕರ ಹೆಸರು ಹಾಕಿದರೆ ಅವರ ಪೇಪರ್‌ಗಳ ಪಟ್ಟಿ ಬರುತ್ತದೆ. ಕಳೆದ ನಾಲ್ಕೈದು ವರ್ಷದ್ದರ ಶೀರ್ಷಿಕೆ ಮಾತ್ರ ನೋಡಿ. ಒಂದರ ಸಾರಾಂಶ ಓದಿ. ಇಡೀ ಪೇಪರ್ ಓದುವುದು ಬೇಡ.

ಇಲ್ಲಿ ಒಂದು ಎಚ್ಚರ. ಶಿರಸಿಯಲ್ಲಿ ಹೆಗಡೆಯವರ ಮನೆ ಯಾವುದು ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರಾ? ಯಾವ ಹೆಗಡೆ, ಯಾವ ಕೇರಿ, ಮೇಲಿನಮನೆಯವರಾ ಕೆಳಗಿನಮನೆಯವರಾ ಅಂತ ಕೇಳುತ್ತಾರೆ. ಪಬ್‌ಮೆಡ್‌ನಲ್ಲೂ ಅದೇ ಕಥೆ. ಅಡ್ಡಹೆಸರು ಮತ್ತು ಒಂದೆರಡು ಇನಿಶಿಯಲ್ ಮೇಲೆ ಹುಡುಕಿದರೆ ಬೇರೆ ಬೇರೆ ಊರಿನ ಹತ್ತು ಜನರ ಕೆಲಸ ಒಟ್ಟಿಗೆ ಬಂದುಬಿಡುತ್ತದೆ. ಯಾರದೋ ಪೇಪರ್ ಹಿಡಿದುಕೊಂಡು ಇವರ ಎದುರು ಹೊಗಳಿದರೆ ಎಷ್ಟು ಮುಜುಗರ ಯೋಚಿಸಿ. ಲೇಖಕರ ಹೆಸರಿನ ಜೊತೆ ಸಂಸ್ಥೆಯ ಹೆಸರು ಹೊಂದುತ್ತದಾ ನೋಡಿ. ಓರ್ಕಿಡ್ ಅಂತ 16 ಅಂಕಿಯ ಗುರುತಿನ ನಂಬರ್ ಇರುತ್ತದೆ, ಇದೇ ಗೊಂದಲ ತಪ್ಪಿಸಲು ಸಂಶೋಧಕರಿಗೆ ಕೊಡುವುದು. ಅವರ ಪುಟದಲ್ಲಿ ಅದಿದ್ದರೆ ಅದರಿಂದಲೇ ಹೋಗಿ. ಚಾಟ್‌ಬಾಟ್ ಹತ್ತಿರ 'ಈ ಪ್ರೊಫೆಸರ್ ಬಗ್ಗೆ ಹೇಳು' ಅಂತ ಮಾತ್ರ ಕೇಳಬೇಡಿ. ಬರೆಯದ ಪೇಪರನ್ನೂ ಬರೆದಿದ್ದಾರೆ ಅಂತ ಹೇಳುವ ಸಾಧ್ಯತೆ ಇದೆ.

ಅಲ್ಲಿಗೆ ಮುಗಿಸಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಅವರ ಮನೆ ಯಾವ ಬಡಾವಣೆ, ಹೆಂಡತಿ ಏನು ಮಾಡುತ್ತಾರೆ, ಮಕ್ಕಳು ಎಲ್ಲಿ ಓದುತ್ತಾರೆ, ಇದ್ಯಾವುದೂ ಬೇಡ. ನಿಮ್ಮ ಗೆಳತಿ ತಪ್ಪು ಅಂದಿದ್ದು ಇಂಥದ್ದಕ್ಕೆ ಆಗಿದ್ದರೆ ಅವರ ಮಾತು ಪೂರಾ ಸರಿ. ಲಿಂಕ್ಡ್‌ಇನ್ ನೋಡಬಹುದು, ಆದರೆ ಯಾರು ಬಂದು ನೋಡಿದರು ಅನ್ನುವುದನ್ನು ಅದು ಅವರಿಗೆ ತೋರಿಸುತ್ತದೆ. ಒಮ್ಮೆ ನೋಡಿದ್ದು ತಿಳಿದರೆ ಏನೂ ಆಗುವುದಿಲ್ಲ. ಇಂಟರ್‌ವ್ಯೂ ಹಿಂದಿನ ವಾರ ಆರು ಸಲ ನೋಡಿದರೆ ಅವರಿಗೂ ಒಂಥರಾ ಅನಿಸುತ್ತದೆ. ಪ್ರೈವೇಟ್ ಮೋಡ್ ಇದೆ, ಬೇಕಿದ್ದರೆ ಬಳಸಿ.

ಹುಡುಕಿದ್ದನ್ನು ಹೇಳಬಹುದಾ ಅಂತ ಕೇಳಿದ್ದೀರಿ. ಇದಕ್ಕೆ ಒಂದು ಪ್ರಸಂಗವನ್ನೇ ಹೇಳುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.

ನಮ್ಮ ಜಿಲ್ಲೆಯದೇ ಮೂಲದ ಒಬ್ಬ ಹುಡುಗ ಬಂದಿದ್ದ. ಅವನ ಅಜ್ಜನ ಮನೆ ಸಿದ್ದಾಪುರ ತಾಲೂಕು. ಇಂಟರ್‌ವ್ಯೂಗೆ ನನ್ನ ಜೊತೆ ಕೂತಿದ್ದ ಸಹೋದ್ಯೋಗಿ ಲೈಮ್ ಕಾಯಿಲೆಯ ಮೇಲೆ ಕೆಲಸ ಮಾಡುತ್ತಿದ್ದರು. ಉಣುಗು ಕಚ್ಚಿ ಬರುವ ಕಾಯಿಲೆ ಅದು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಅನ್ನುವ ಊರಿನಿಂದ ಆ ಹೆಸರು ಬಂತು. ಹುಡುಗ ಅವರ ಪೇಪರ್ ಎರಡು ಓದಿಕೊಂಡು ಬಂದಿದ್ದ. ಕೂತ ಐದನೇ ನಿಮಿಷಕ್ಕೆ, ಅವರು ಕೇಳದೇ ಇದ್ದರೂ ಶುರು ಮಾಡಿದ. 'ನಿಮ್ಮ ಸಂಶೋಧನೆ ಓದಿದೆ. ನಮ್ಮೂರಲ್ಲೂ ನಿಮ್ಮ ಲೈಮ್ ತರಹದ್ದೇ ಕಾಯಿಲೆ ಇದೆ, ಮಂಗನ ಕಾಯಿಲೆ' ಅಂದ.

ಆಕೆಗೆ ನಿಜಕ್ಕೂ ಖುಷಿಯಾಯಿತು. ಕುರ್ಚಿ ಮುಂದೆ ಎಳೆದುಕೊಂಡು ಕೇಳಿದರು: 'ಹೌದಾ? ಅದು ಯಾವುದರಿಂದ ಬರುತ್ತದೆ? ಏನು ಔಷಧಿ ಕೊಡುತ್ತಾರೆ?'

ಹುಡುಗ ಸುಮ್ಮನಾದ. ಎರಡನ್ನೂ ಉಣುಗು ಹರಡುತ್ತದೆ ಅನ್ನುವುದು ಬಿಟ್ಟರೆ ಅವು ಒಂದೇ ತರಹದ ಕಾಯಿಲೆಗಳಲ್ಲ. ಲೈಮ್ ಬರುವುದು ಬ್ಯಾಕ್ಟೀರಿಯಾದಿಂದ, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತದೆ. ಮಂಗನ ಕಾಯಿಲೆಗೆ ಕಾರಣ ವೈರಸ್. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿದ್ದು. ಅದಕ್ಕೇ ಅಂತ ಔಷಧಿ ಇಲ್ಲ, ಜ್ವರ, ರಕ್ತಸ್ರಾವ ಏನಿದೆಯೋ ಅದನ್ನು ನೋಡಿಕೊಂಡು ಆರೈಕೆ ಮಾಡಬೇಕು. ಅವನು ಪ್ರೊಫೆಸರ್ ಬಗ್ಗೆ ಓದಿದ್ದ, ತನ್ನೂರಿನ ಕಾಯಿಲೆ ಬಗ್ಗೆ ಓದಿರಲಿಲ್ಲ. ಕಿವಿ ಕೆಂಪಾಗಿದ್ದು ನನಗೆ ಕಾಣುತ್ತಿತ್ತು.

ಆಕೆ ಒಳ್ಳೆಯವರು. ಅಲ್ಲಿಗೆ ಬಿಡಲಿಲ್ಲ. 'ಆ ಕಾಯಿಲೆ ಆದವರನ್ನು ನೀನು ನೋಡಿದ್ದೀಯಾ?' ಅಂತ ಕೇಳಿದರು. ಹುಡುಗ ನಿಧಾನಕ್ಕೆ ಹೇಳತೊಡಗಿದ. ಒಂದು ರಜೆಯಲ್ಲಿ ಅಜ್ಜನ ಮನೆಗೆ ಬಂದಾಗ ಪಕ್ಕದ ಮನೆಯ ದೊಡ್ಡಪ್ಪ ಬೆಟ್ಟಕ್ಕೆ ದರಕು, ಅಂದರೆ ಒಣ ಎಲೆ, ತರಲು ಹೋಗಿ ಬಂದು ವಾರದೊಳಗೆ ಜ್ವರದಲ್ಲಿ ಮಲಗಿದರು. ತಲೆನೋವು ತಡೆಯಲಾರದೆ ಗೋಡೆಗೆ ಹಣೆ ಒತ್ತಿಕೊಂಡು ಕೂರುತ್ತಿದ್ದರು. ಇವನೂ ಜೊತೆಗೆ ವ್ಯಾನಿನಲ್ಲಿ ಘಟ್ಟ ಇಳಿದು ಮಣಿಪಾಲದವರೆಗೆ ಹೋದ. ದಾರಿಯುದ್ದಕ್ಕೂ ಅವರ ತಲೆ ಇವನ ತೊಡೆಯ ಮೇಲೆ ಇತ್ತು. ದೊಡ್ಡಮ್ಮ ಹಿಂದಿನ ಸೀಟಿನಲ್ಲಿ ಕೂತು, ಬೆಟ್ಟಕ್ಕೆ ಹೋಗುವಾಗ ಉಣುಗು ಕಚ್ಚದಂತೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ ಅಂತ ಆರೋಗ್ಯ ಇಲಾಖೆಯವರು ಕೊಟ್ಟ ಬಾಟಲಿ ಅಟ್ಟದ ಮೇಲೆ ಹಾಗೇ ಇದೆ, ಹಾಗೇ ಇದೆ ಅಂತ ಹೇಳುತ್ತಲೇ ಇದ್ದರಂತೆ. ಅವರು ಬದುಕಿ ಬಂದರು.

ಐದಾರು ನಿಮಿಷ ಮಾತಾಡಿದ. ನಾವಿಬ್ಬರೂ ಬರೆಯುವುದು ನಿಲ್ಲಿಸಿ ಕೇಳಿದೆವು. ಕಮಿಟಿಗೆ ಹೋದ ವರದಿಯಲ್ಲಿ ಆಕೆ ಬರೆದಿದ್ದು ಆ ಬಾಟಲಿಯ ಮಾತನ್ನೇ. ಔಷಧಿ ಕೊಡುವುದಕ್ಕೂ ಜನ ಅದನ್ನು ಬಳಸುವುದಕ್ಕೂ ಮಧ್ಯೆ ಇರುವ ದೂರ ಈ ಹುಡುಗನಿಗೆ ಗೊತ್ತು ಅಂತ. ತಮ್ಮ ಪೇಪರ್ ಓದಿ ಬಂದಿದ್ದನ್ನು ಆಕೆ ಬರೆಯಲೇ ಇಲ್ಲ.

ಹಾಗಾಗಿ ಹುಡುಕಿದ್ದನ್ನು ನೀವಾಗಿ ಮುಂದಿಡಬೇಡಿ. ಅವರೇ ತಮ್ಮ ಕೆಲಸದ ವಿಷಯ ತೆಗೆದರೆ, ಗೊತ್ತೇ ಇಲ್ಲದವರ ಹಾಗೆ ಆಶ್ಚರ್ಯ ತೋರಿಸುವುದೂ ಬೇಡ, ಅದು ಸುಳ್ಳಾಗುತ್ತದೆ. 'ಹೌದು, ನಿಮ್ಮ ಪುಟದಲ್ಲಿ ಓದಿದ್ದೆ' ಅಂತ ಒಂದು ಮಾತಲ್ಲಿ ಹೇಳಿ ಮುಂದೆ ಹೋಗಿ. ಕೊನೆಗೆ 'ನಿನಗೇನಾದರೂ ಕೇಳುವುದಿದೆಯಾ' ಅನ್ನುತ್ತಾರೆ. ಆಗ ಅವರ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಬಹುದು, ಉತ್ತರ ತಿಳಿಯಬೇಕು ಅಂತ ನಿಮಗೆ ನಿಜವಾಗಿ ಇದ್ದರೆ ಮಾತ್ರ. ಇಲ್ಲದಿದ್ದರೆ ಅಲ್ಲಿನ ವಿದ್ಯಾರ್ಥಿಗಳಿಗೆ ಮೊದಲ ವರ್ಷ ರೋಗಿಗಳ ಹತ್ತಿರ ಹೋಗಲು ಬಿಡುತ್ತಾರಾ, ಫೇಲಾದವರಿಗೆ ಹೇಗೆ ಸಹಾಯ ಮಾಡುತ್ತಾರೆ, ಇಂಥದ್ದು ಕೇಳಿ. ಸ್ಕೂಲಿನ ಬಗ್ಗೆ ಹುಡುಕುವುದಕ್ಕೆ ನಾನು ಗಡಿಯಾರ ಇಡುವುದಿಲ್ಲ. ಎರಡು ದಿನ ಕೂತರೂ ಜಾಸ್ತಿ ಆಗಲಿಲ್ಲ. ನಾಲ್ಕು ವರ್ಷ ಇರಬೇಕಾದ್ದು ಅಲ್ಲಿ.

ಇನ್ನು ಅಪ್ಪಯ್ಯನ ಮಾತಿಗೆ ಬರುತ್ತೇನೆ. ಇದನ್ನು ಅವರಿಗೂ ಓದಿ ಹೇಳಿ.

ಅಡ್ಡಹೆಸರು ಊರು ಹೇಳುವುದಿಲ್ಲ. ನಾಯಕ ಅಂದರೆ ನಮಗೆ ಅಂಕೋಲೆ ನೆನಪಾಗುತ್ತದೆ, ಒಡಿಶಾದಲ್ಲೂ ಬೇಕಾದಷ್ಟು ನಾಯಕರಿದ್ದಾರೆ. ಭಟ್ಟರು ಹೊನ್ನಾವರದಲ್ಲೂ ಇದ್ದಾರೆ, ಕಾಶ್ಮೀರದಲ್ಲೂ ಇದ್ದಾರೆ. ಒಂದು ವೇಳೆ ನಮ್ಮ ಕಡೆಯವರೇ ಅಂತಿಟ್ಟುಕೊಳ್ಳಿ. ಅಲ್ಲೇ ಹುಟ್ಟಿ ಬೆಳೆದು, ಕನ್ನಡವೋ ಕೊಂಕಣಿಯೋ ಒಂದಕ್ಷರ ಬಾರದೆ ಇರಬಹುದು. ಮದುವೆಯಿಂದ ಬಂದ ಹೆಸರಿರಬಹುದು. ಅಪ್ಪ ಅಮ್ಮನ ಊರಿನ ನೆನಪು ಅವರಿಗೆ ಸಿಹಿಯೇ ಆಗಿರಬೇಕು ಅಂತಲೂ ಇಲ್ಲ.

ನಮ್ಮಲ್ಲಿ ಯಾರೇ ಮನೆಗೆ ಬಂದರೂ ಆಸರಿಗೆ ಬೇಕಾ ಅಂತ ಕೇಳಿ, ಬೆಲ್ಲ ನೀರು ಕೊಟ್ಟು, ಮುಂದಿನ ಮಾತೇ 'ಯಾವೂರಾಯ್ತು? ಯಾರ ಮನೆ?' ಹತ್ತು ನಿಮಿಷದಲ್ಲಿ ಒಂದು ನೆಂಟಸ್ತಿಕೆ ಸಿಕ್ಕೇ ಸಿಗುತ್ತದೆ. ಅದು ನಮ್ಮ ಮನೆಗಳ ಚಂದ, ನಾನು ಅದನ್ನು ಬಿಟ್ಟುಕೊಡುವವನಲ್ಲ. ಆದರೆ ಅಲ್ಲಿನ ಇಂಟರ್‌ವ್ಯೂ ನಿಂತಿರುವುದೇ ಅದಕ್ಕೆ ವಿರುದ್ಧವಾದ ನಿಯಮದ ಮೇಲೆ. ಅಲ್ಲಿ ನಿಮ್ಮ ಮದುವೆ, ಮಕ್ಕಳು, ಧರ್ಮ, ಮೂಲ ದೇಶ ಇದನ್ನೆಲ್ಲ ಕೇಳಬಾರದು ಅಂತ ನಮಗೆ ತರಬೇತಿ ಕೊಡುತ್ತಾರೆ. ನಾವು ಕೇಳಬಾರದ್ದನ್ನು ನೀವು ನಮ್ಮ ಬಗ್ಗೆ ಕೇಳಿಸಿಕೊಂಡು ಬಂದರೆ ಹೇಗೆ?

ಫೋನ್ ಕುಮಟೆಗೇ ನಿಲ್ಲುವುದೂ ಇಲ್ಲ. ನನಗೇ ಆಗಿದೆ. ಒಂದು ನವೆಂಬರ್, ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ಊರಿನ ಸಂಬಂಧಿಕರೊಬ್ಬರ ವಾಟ್ಸಾಪ್. 'ನಮ್ಮ ಪರಿಚಯದವರ ಮಗಳು, ಗುರುವಾರ ನಿನ್ನ ಹತ್ತಿರವೇ ಇಂಟರ್‌ವ್ಯೂ ಅಂತೆ, ಸ್ವಲ್ಪ ನೋಡು.' ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ಮೆಸೇಜ್ ಓದಿದ ಮೇಲೆ ನಾನು ಆ ಹುಡುಗಿಯ ಇಂಟರ್‌ವ್ಯೂ ಮಾಡುವ ಹಾಗಿರಲಿಲ್ಲ. ಆಫೀಸಿಗೆ ತಿಳಿಸಿದೆ. ತಿಳಿಸಲೇಬೇಕು, ಅದು ನಿಯಮ. ಅವಳನ್ನು ಬೇರೆಯವರಿಗೆ ಕೊಟ್ಟರು. ಯಾಕೆ ಬದಲಾಯಿತು ಅಂತ ನಾಲ್ಕು ಜನರಿಗೆ ಗೊತ್ತಾಯಿತು. ಅವಳಿಗೆ ಮಾತ್ರ ಗೊತ್ತಿರಲಿಲ್ಲ, ಮನೆಯವರು ಅವಳಿಗೆ ಹೇಳದೆಯೇ ವಶೀಲಿ ಮಾಡಿಸಿದ್ದರು. ಸ್ವಂತ ಶಕ್ತಿಯ ಮೇಲೆ ಬಂದ ಮಗುವಿನ ಹೆಸರಿನ ಮುಂದೆ ಒಂದು ಅನುಮಾನ ಕೂತುಬಿಟ್ಟಿತು. ಅವಳ ಫೈಲ್ ಕಮಿಟಿಗೆ ಬಂದ ದಿನ ನಾನು ಹೊರಗೆ ಕಾರಿಡಾರ್‌ನಲ್ಲಿ ನಿಂತಿದ್ದೆ. ಒಳಗೆ ಏನಾಯಿತು ಅಂತ ಇವತ್ತಿಗೂ ಕೇಳಿಲ್ಲ. ಆ ಹತ್ತು ನಿಮಿಷ ಮಾತ್ರ ಇನ್ನೂ ನೆನಪಿದೆ.

ನಿಮ್ಮ ಅಪ್ಪಯ್ಯ ವಶೀಲಿಗಲ್ಲ, ಬರೀ ತಿಳಿದುಕೊಳ್ಳಲು ಕೇಳುತ್ತೇನೆ ಅನ್ನಬಹುದು. ಕೇಳಿಸಿಕೊಂಡವರು ಸುಮ್ಮನಿರುವುದಿಲ್ಲ. ಕುಮಟೆಯಿಂದ ಹೊನ್ನಾವರ, ಅಲ್ಲಿಂದ ಬೆಂಗಳೂರಿನ ಅಳಿಯ, ಅಲ್ಲಿಂದ ನ್ಯೂಜೆರ್ಸಿ. ಮೂರು ದಿನ ಸಾಕು.

ಇನ್ನು ನಿಜವಾಗಿಯೂ ಅವರು ನಿಮ್ಮ ನೆಂಟರೋ, ನಿಮಗೆ ಮೊದಲೇ ಪರಿಚಯದವರೋ ಅಂತ ಗೊತ್ತಾದರೆ ನೀವೇ ಅಡ್ಮಿಶನ್ ಆಫೀಸಿಗೆ ಎರಡು ಸಾಲು ಬರೆಯಿರಿ. ಬೇರೆಯವರನ್ನು ಕೊಡುತ್ತಾರೆ, ನಿಮ್ಮ ಮೇಲೆ ಗೌರವವೂ ಹೆಚ್ಚುತ್ತದೆ. ಪ್ರೊಫೆಸರ್‌ಗೆ ನೇರವಾಗಿ ಮಾತ್ರ ಮೊದಲೇ ಮೇಲ್ ಹಾಕಬೇಡಿ.

ಅವರೇ ನಿಮ್ಮ ಅರ್ಜಿ ನೋಡಿ 'ಶಿರಸಿಯಾ? ನಮ್ಮ ಅಜ್ಜಿ ಕಾರವಾರದವರು' ಅಂದರೆ? ಸಂತೋಷ ಪಡಿ, ನಗಿ. ಅವರು ಕನ್ನಡದಲ್ಲಿ ಒಂದು ಮಾತಾಡಿದರೆ ಕನ್ನಡದಲ್ಲೇ ಉತ್ತರ ಕೊಡಿ. ಆಮೇಲೆ ಅವರು ಇಂಗ್ಲಿಷಿಗೆ ಹೋದ ಕೂಡಲೇ ನೀವೂ ಹೋಗಿ. ಆ ವಿದ್ಯಾರ್ಥಿನಿಯೂ ಜೊತೆಗೆ ಕೂತಿದ್ದರೆ, ಅವಳಿಗೆ ಅರ್ಥವಾಗದ ಭಾಷೆಯಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ಮಾತು ನಡೆಯುವುದು ಸರಿಯಲ್ಲ. 'ಯಾವ ಕೇರಿ, ಯಾರ ಪೈಕಿ' ಅಂತ ನೀವು ಮುಂದುವರಿಸಬೇಡಿ.

ಆ ವಿದ್ಯಾರ್ಥಿನಿಯ ಬಗ್ಗೆ ನೀವು ಏನೂ ಕೇಳಲಿಲ್ಲ. ಇದನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೆ. ಎಲ್ಲರ ಕಣ್ಣೂ ಪ್ರೊಫೆಸರ್ ಮೇಲೆ. ವಿದ್ಯಾರ್ಥಿ ಬರೆದ ವರದಿಯನ್ನೂ ಕಮಿಟಿ ಓದುತ್ತದೆ, ಎಷ್ಟೋ ಕಡೆ ಅದಕ್ಕೆ ಸಮಾನ ತೂಕ ಇರುತ್ತದೆ. ಅವಳ ಬಗ್ಗೆ ಹುಡುಕಿದರೂ ಹೆಚ್ಚೇನೂ ಸಿಗುವುದಿಲ್ಲ, ಹುಡುಕುವುದೂ ಬೇಡ. ಆದರೆ ಪ್ರೊಫೆಸರ್‌ಗೆ ಉತ್ತರ ಕೊಡುವಾಗ ಅವಳ ಕಡೆಗೂ ಗಮನ ಇರಲಿ. ಅವಳು ಕೇಳಿದ ಪ್ರಶ್ನೆಗೂ ಅಷ್ಟೇ ಯೋಚಿಸಿ ಉತ್ತರಿಸಿ. ಸ್ಕೂಲಿನ ನಿಜವಾದ ಸ್ಥಿತಿ ಅವಳಿಗೆ ಗೊತ್ತು. ರಾತ್ರಿ ಪಾಳಿ ಮುಗಿಸಿ ಊಟ ಎಲ್ಲಿ ಸಿಗುತ್ತದೆ ಅನ್ನುವುದರಿಂದ ಹಿಡಿದು, ಯಾವುದಕ್ಕೆ ಅಳು ಬಂತು ಅನ್ನುವವರೆಗೆ ಅವಳ ಹತ್ತಿರ ಕೇಳಬಹುದು.

ಒಮ್ಮೆ ನಿಮ್ಮ ಹೆಸರನ್ನೂ ಹುಡುಕಿ ನೋಡಿ. ಅವರು ನೋಡುತ್ತಾರೋ ಇಲ್ಲವೋ ಬೇರೆ ಮಾತು. ಹಳೆಯ ಪೋಸ್ಟ್ ಏನಾದರೂ ಇದ್ದರೆ ನಿಮಗೆ ಮೊದಲು ಗೊತ್ತಿರಲಿ.

ಉಳಿದಿದ್ದು ಮನೆಯ ವ್ಯವಸ್ಥೆ. ತಂಗೀ, ಸಮಯವನ್ನು ಎರಡು ಸಲ ಲೆಕ್ಕ ಹಾಕಿ. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಬೇಸಿಗೆಯಲ್ಲಿ ನ್ಯೂಯಾರ್ಕಿಗೂ ನಮಗೂ ಒಂಬತ್ತೂವರೆ ಗಂಟೆ ಅಂತರ, ಡಿಸೆಂಬರ್‌ನಲ್ಲಿ ಹತ್ತೂವರೆ. ಅಲ್ಲಿ ಬೆಳಿಗ್ಗೆ ಒಂಬತ್ತು ಅಂದರೆ ಇಲ್ಲಿ ಸಂಜೆ ಏಳೂವರೆ. ಶಿಕಾಗೊ ಕಡೆ ಆದರೆ ಇನ್ನೊಂದು ಗಂಟೆ ಸೇರಿಸಿ, ಎಂಟೂವರೆ. ಹಳ್ಳಿಯಲ್ಲಿ ಕರೆಂಟ್ ನಂಬಬೇಡಿ. ರೌಟರ್‌ಗೆ ಯುಪಿಎಸ್ ಇರಲಿ, ಮೊಬೈಲ್ ಡೇಟಾ ಬೇರೆ ಇರಲಿ. ಒಂದು ವಾರ ಮುಂಚೆ ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ ಗೆಳತಿಗೆ ವಿಡಿಯೊ ಕಾಲ್ ಮಾಡಿ ನೋಡಿ. ಸಿಗ್ನಲ್ ಸರಿ ಇಲ್ಲ ಅನಿಸಿದರೆ ಶಿರಸಿ ಪೇಟೆಯಲ್ಲಿ ನೆಂಟರ ಮನೆಗೆ ಹೋಗಿ ಕೂತುಕೊಳ್ಳಿ. ಅಪ್ಪಯ್ಯನ ಪರಿಚಯವೆಲ್ಲ ಈ ಕೆಲಸಕ್ಕೆ ಬರಲಿ. ಒಳ್ಳೆ ಇಂಟರ್ನೆಟ್ ಇರುವ ಮನೆ ಯಾವುದು ಅಂತ ಅವರು ಎಷ್ಟು ಫೋನ್ ಬೇಕಾದರೂ ಮಾಡಲಿ.

ಮನೆಯಲ್ಲೇ ಕೂರುವುದಾದರೆ ಒಂದು ಮಾತು. ಡಿಸೆಂಬರ್ ಅಂದರೆ ಅಡಿಕೆ ಕೊನೆಕೊಯ್ಲಿನ ಸಮಯ. ಸಂಜೆ ಏಳೂವರೆಗೆ ನಿಮ್ಮ ಜಗಲಿಯಲ್ಲಿ ಅಡಿಕೆ ಸುಲಿಯುವವರು ಮೆಟ್ಟುಗತ್ತಿ ಹಾಕಿಕೊಂಡು ಕೂತಿರುತ್ತಾರೆ. ಅವರ ಕೆಲಸ ನಿಲ್ಲಿಸಬೇಡಿ, ನೀವು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಆದರೂ ಸ್ವಲ್ಪ ಸದ್ದು, ನಗು ಕೇಳಿಸಬಹುದು. ಅದೇನು ಅಂತ ಅವರು ಕೇಳಿದರೆ ಕ್ಷಮೆ ಕೇಳುತ್ತಾ ಕೂರಬೇಡಿ. ಅಡಿಕೆ ಸುಲಿಯುತ್ತಿದ್ದಾರೆ ಅಂತ ಹೇಳಿ. ಯಾರು ಸುಲಿಯುತ್ತಿದ್ದಾರೆ, ಅವರಿಗೆ ಹುಷಾರಿಲ್ಲದಾಗ ಯಾವ ಆಸ್ಪತ್ರೆಗೆ ಹೋಗುತ್ತಾರೆ, ಎಷ್ಟು ದೂರ ಅಂತ ಕೇಳಿದರೆ, ಅದನ್ನೂ ಹೇಳಿ.